ರೇಷ್ಮೆ ಹುಳುವಿನ ನಾಲ್ಕು ಜ್ವರ

ಟಿಕೋಟಾ ಕಡೆಯ ಹಳ್ಳಿಯೊಂದರ ತಾಯಿಯೊಬ್ಬರು ತಲೆನೋವಿನ ಔಷಧಕ್ಕೆಂದು ಅಥಣಿ ರಸ್ತೆಯ ನಮ್ಮ ದವಾಖಾನೆಗೆ ಬಂದಿದ್ದರು. ನಾಡಿ ಹಿಡಿದು ನಿದ್ದೆಯ ವಿಚಾರ ಕೇಳಿದೆ. "ನಿದ್ದಿ ಎಲ್ಲಿಂದ ಬರಬೇಕ್ರಿ ಹಕೀಮ ಸಾಹೇಬ್ರ, ಮನ್ಯಾಗ ಮೂರನೇ ಜ್ವರ ನಡದೈತಿ" ಎಂದರು. ಪಕ್ಕದ ಬೆಂಚಿನಲ್ಲಿ ಮಗುವನ್ನು ಮಲಗಿಸಿಕೊಂಡಿದ್ದ ಹೆಣ್ಣುಮಗಳು ಗಾಬರಿಯಾಗಿ ಅತ್ತ ಸರಿದು ಕುಳಿತಳು. ಜ್ವರ ಬಂದದ್ದು ಮನುಷ್ಯರಿಗಲ್ಲ, ರೇಷ್ಮೆ ಹುಳುವಿಗೆ ಎಂದು ಬಿಡಿಸಿ ಹೇಳಬೇಕಾಯಿತು.

ರೇಷ್ಮೆ ಸಾಕುವವರ ಮಾತಿನಲ್ಲಿ ಜ್ವರ ಎಂದರೆ ಪೊರೆ ಕಳಚುವುದು. ಮೈಸೂರು ಸೀಮೆಯಿಂದ ಬಂದ ಈ ಮಾತು ಹುಳುವಿನ ಜೊತೆಗೇ ನಮ್ಮ ಕಡೆಗೂ ಬಂದಿದೆ. ಎಲೆ ತಿನ್ನುತ್ತಿದ್ದ ಹುಳು ಇದ್ದಕ್ಕಿದ್ದಂತೆ ಬಾಯಿ ನಿಲ್ಲಿಸಿ, ತಲೆ ಮೇಲೆತ್ತಿ, ಮಿಸುಕಾಡದೆ ಕುಳಿತುಬಿಡುತ್ತದೆ. ನೋಡುವವರಿಗೆ ಜ್ವರ ಬಂದ ಮಗುವಿನ ಹಾಗೆಯೇ ಕಾಣುತ್ತದೆ. ಒಂದು ದಿನ ಕಳೆದ ಮೇಲೆ ಹಳೆಯ ಚರ್ಮ ಬಿಟ್ಟು, ಹೊಸ ಮೈಯಲ್ಲಿ ಏಳುತ್ತದೆ. ಹೀಗೆ ನಾಲ್ಕು ಸಲ. ನಾಲ್ಕು ಜ್ವರ ಎದ್ದ ಹುಳು ಐದನೇ ಹಂತಕ್ಕೆ ಬಂದು, ವಾರದಷ್ಟು ಕಾಲ ರಾಶಿ ರಾಶಿ ಎಲೆ ಮೇಯ್ದು, ಹಣ್ಣಾಗಿ, ಚಂದ್ರಿಕೆ ಏರಿ ಗೂಡು ಕಟ್ಟುತ್ತದೆ.

ಆ ತಾಯಿಯ ತಲೆನೋವಿಗೆ ಕಾರಣ ನಿದ್ದೆಗೇಡು ಮಾತ್ರ ಆಗಿರಲಿಲ್ಲ. ಅವರ ಮನೆಯ ಹಿಂದಿನ ಬೆಳೆ ಹಣ್ಣಾಗುವ ಹೊತ್ತಿಗೆ ಕೆಟ್ಟಿತ್ತು. ಹುಳುಗಳ ಮೈ ಉಬ್ಬಿ, ಚರ್ಮ ಒಡೆದು, ಹಾಲಿನಂಥ ನೀರು ಸುರಿದು ಸತ್ತಿದ್ದವು. ಎಲೆಗೆ, ಮೊಟ್ಟೆಗೆ, ಆಳಿಗೆ ಹಾಕಿದ ದುಡ್ಡು ಹೋಯಿತು. ಮನೆಯಲ್ಲಿ ಒಬ್ಬರು ನಜರ್ ಬಿತ್ತು ಎಂದರು, ಇನ್ನೊಬ್ಬರು ಸೊಸೆಯ ಕೈಗುಣ ಸರಿಯಿಲ್ಲ ಎಂದರು. ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಸಣ್ಣವಿದ್ದಾಗ ಒಂದೂ ಸಾಯಲಿಲ್ಲ. ಬೆರಳಿನಷ್ಟು ದಪ್ಪ ಆದ ಮ್ಯಾಲೆ ಸತ್ತವು. ದೊಡ್ಡವಾದ ಮ್ಯಾಲೆ ಶಕ್ತಿ ಹೆಚ್ಚಾಗಬೇಕಲ್ರಿ?"

ಪ್ರಶ್ನೆ ಸರಿಯಾದದ್ದೇ. ದೊಡ್ಡ ಹುಳುವಿಗೆ ಶಕ್ತಿ ಹೆಚ್ಚು, ಅದೂ ನಿಜ. ಆದರೂ ಅವು ಸತ್ತವು. ಇದು ಹೇಗಾಯಿತು ಎಂದು ತಿಳಿಯಬೇಕಾದರೆ ಹುಳುವಿನ ಮೈಯೊಳಗಿನ ಕಾವಲು ಎಂಥದ್ದು, ಅದು ವಯಸ್ಸಿನೊಂದಿಗೆ ಹೇಗೆ ಬದಲಾಗುತ್ತದೆ ಎಂಬುದನ್ನು ನೋಡಬೇಕು. ತುಬಚಿ-ಬಬಲೇಶ್ವರ ಏತ ನೀರಾವರಿಯಂಥ ಯೋಜನೆಗಳಿಂದ ನೀರು ಕಂಡ ಈ ಭಾಗದ ಹೊಲಗಳಲ್ಲಿ ದ್ರಾಕ್ಷಿಯ ಪಕ್ಕ ಹಿಪ್ಪುನೇರಳೆ ಹಚ್ಚುವ ವಿಚಾರ ಮಾಡುವವರಿಗೆ ಈ ತಿಳಿವಳಿಕೆ ಕೆಲಸಕ್ಕೆ ಬರುತ್ತದೆ. ಮಕ್ಕಳನ್ನು ಸಾಕುವವರಿಗೂ ಅಲ್ಲಲ್ಲಿ ಉಪಯೋಗವಾದೀತು.

ಹುಳುವಿನ ಕಾವಲುಗಾರರು

ನಮ್ಮ ಯುನಾನಿ ಶಾಸ್ತ್ರದಲ್ಲಿ ರೋಗವನ್ನು ಎದುರಿಸುವ ಒಳಶಕ್ತಿಗೆ ತಬಿಯತ್ ಎನ್ನುತ್ತೇವೆ. ವೈದ್ಯನ ಕೆಲಸ ತಬಿಯತ್‌ಗೆ ನೆರವಾಗುವುದು, ಅದರ ಜಾಗದಲ್ಲಿ ತಾನು ಕೂರುವುದಲ್ಲ. ಈ ಶಕ್ತಿ ಎಲ್ಲ ವಯಸ್ಸಿನಲ್ಲೂ ಒಂದೇ ಸಮ ಇರುವುದಿಲ್ಲ ಎಂದು ಹಳೆಯ ಹಕೀಮರು ಬರೆದಿದ್ದಾರೆ. ಆಯುಷ್ಯವನ್ನು ಅವರು ನಾಲ್ಕು ಭಾಗ ಮಾಡಿದರು: ಬೆಳೆಯುವ ಕಾಲ ಸಿನ್ನೆ ನುಮೂ, ಹರೆಯ ಸಿನ್ನೆ ಶಬಾಬ್, ಇಳಿವಯಸ್ಸು ಸಿನ್ನೆ ಕುಹೂಲತ್, ಮುಪ್ಪು ಸಿನ್ನೆ ಶೈಖೂಖತ್. ಒಂದೊಂದಕ್ಕೂ ಒಂದೊಂದು ಮಿಜಾಜ್. ಮಗುವಿನ ಮಿಜಾಜ್ ಬಿಸಿ ಮತ್ತು ಹಸಿ. ಈ ಮಾತನ್ನು ಅವರು ಮನುಷ್ಯನಿಗಾಗಿ ಹೇಳಿದ್ದು. ಹುಳುವಿನ ಮೇಲೆ ಅದನ್ನು ಹೊರಿಸುವುದು ಸರಿಯಲ್ಲ ಎಂದು ನನಗೆ ಗೊತ್ತು. ಆದರೂ ರೇಷ್ಮೆ ಹುಳು ಸಾಕುವ ಕೋಷ್ಟಕ ನೋಡಿದಾಗ ನಗು ಬರುತ್ತದೆ: ಮೊದಲ ಹಂತಕ್ಕೆ 28 ಡಿಗ್ರಿ ಶಾಖ, ಶೇ. 85ರಿಂದ 90 ತೇವಾಂಶ. ಕೊನೆಯ ಹಂತಕ್ಕೆ 24 ಡಿಗ್ರಿ, ಶೇ. 70. ಎಳೆಯದಕ್ಕೆ ಬಿಸಿ ಮತ್ತು ಹಸಿ, ಬೆಳೆದದ್ದಕ್ಕೆ ತಂಪು ಮತ್ತು ಒಣ.

ಕೀಟಗಳ ರಕ್ಷಣೆ ನಮ್ಮದಕ್ಕಿಂತ ಸರಳ. ನಮ್ಮ ರಕ್ತದಲ್ಲಿ ಪ್ರತಿಕಾಯಗಳಿವೆ. ಒಮ್ಮೆ ದಡಾರ ಬಂದವರಿಗೆ ಮತ್ತೆ ಬರದಂತೆ ಅವು ನೆನಪು ಇಟ್ಟುಕೊಳ್ಳುತ್ತವೆ. ಕೀಟಗಳಲ್ಲಿ ಅಂಥ ಪ್ರತಿಕಾಯಗಳೇ ಇಲ್ಲ. ಅವುಗಳಿಗಿರುವುದು ಹುಟ್ಟಿನಿಂದ ಬಂದ ಕಾವಲು ಮಾತ್ರ.

ಮೊದಲ ಗೋಡೆ ಚರ್ಮ. ಅದು ನಮ್ಮ ಚರ್ಮದಂತೆ ಮೆತ್ತಗಿನದಲ್ಲ, ಮೈಮೇಲೆ ಹೊದ್ದ ಗಟ್ಟಿ ಪೊರೆ. ಎರಡನೆಯದು ಕರುಳು. ರೇಷ್ಮೆ ಹುಳುವಿನ ಕರುಳಿನ ರಸ ಸುಣ್ಣದ ನೀರಿನಂತೆ ಬಹಳ ಕ್ಷಾರದ್ದು. ಎಷ್ಟೋ ಬ್ಯಾಕ್ಟೀರಿಯಾ ಅದರಲ್ಲಿ ಬದುಕಲಾರವು. ಜೊತೆಗೆ ತಿಂದ ಎಲೆ ನೇರವಾಗಿ ಕರುಳಿನ ಗೋಡೆಗೆ ತಾಗದಂತೆ ನಡುವೆ ಒಂದು ತೆಳು ಪರದೆಯಿದೆ. ಗೋಡೆ ದಾಟಿ ಒಳಬಂದ ವೈರಿಗೆ ಮೂರನೆಯ ಕಾವಲು ರಕ್ತಕಣಗಳು. ಹುಳುವಿನ ರಕ್ತ ನಮ್ಮದರಂತೆ ಕೆಂಪಲ್ಲ, ನಾಳದಲ್ಲಿ ಹರಿಯುವುದೂ ಇಲ್ಲ, ಮೈಯ ಟೊಳ್ಳಿನಲ್ಲಿ ತುಂಬಿಕೊಂಡಿರುತ್ತದೆ. ಅದರಲ್ಲಿ ತೇಲುವ ಕಣಗಳು ಚಿಕ್ಕ ವೈರಿಯನ್ನು ನುಂಗುತ್ತವೆ, ದೊಡ್ಡದಾದರೆ ಸುತ್ತಲೂ ಅಂಟಿಕೊಂಡು ಗೋರಿ ಕಟ್ಟುತ್ತವೆ. ಆ ಗೋರಿ ಕಪ್ಪಾಗುತ್ತದೆ. ಹುಳುವಿನ ಮೈಮೇಲೆ ಕಪ್ಪು ಚುಕ್ಕೆ ಕಂಡರೆ ಅಲ್ಲೊಂದು ಹೋರಾಟ ನಡೆದಿದೆ ಎಂದು ತಿಳಿಯಬಹುದು.

ನಾಲ್ಕನೆಯದು ಔಷಧ. ಹುಳುವಿನ ಮೈಯೊಳಗೆ ಹಳದಿ-ಬಿಳಿ ಬಣ್ಣದ ಕೊಬ್ಬಿನ ಪದರವಿದೆ. ನಮ್ಮ ಯಕೃತ್ತು ಮಾಡುವ ಹಲವು ಕೆಲಸಗಳನ್ನು ಅದು ಮಾಡುತ್ತದೆ. ರೋಗಾಣು ಹೊಕ್ಕ ಸುದ್ದಿ ತಲುಪಿದ ಕೆಲವೇ ತಾಸಿನಲ್ಲಿ ಅದು ಬ್ಯಾಕ್ಟೀರಿಯಾ ಕೊಲ್ಲುವ ಸಣ್ಣ ಸಣ್ಣ ಪ್ರೋಟೀನುಗಳನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಇದನ್ನು ಕಂಡುಹಿಡಿದದ್ದೂ ರೇಷ್ಮೆಯ ಬಂಧು ಒಂದರಲ್ಲೇ. ಸ್ವೀಡನ್ನಿನ ಹಾನ್ಸ್ ಬೊಮನ್ ಮತ್ತು ಅವರ ಜೊತೆಗಾರರು ಸೆಕ್ರೋಪಿಯಾ ಎಂಬ ದೊಡ್ಡ ಕಾಡು ಪತಂಗದ ಕೋಶದಿಂದ ಇಂಥ ಪ್ರೋಟೀನನ್ನು ಬೇರ್ಪಡಿಸಿ, 1981ರಲ್ಲಿ ಅದರ ರಚನೆ ಪ್ರಕಟಿಸಿ, ಸೆಕ್ರೋಪಿನ್ ಎಂದು ಹೆಸರಿಟ್ಟರು. ಕೀಟದ ಮೈಗೆ ರೋಗಾಣು ಬಂದ ಸುದ್ದಿ ಹೇಗೆ ಮುಟ್ಟುತ್ತದೆ ಎಂದು ಹಣ್ಣಿನ ನೊಣದಲ್ಲಿ ತೋರಿಸಿದ ಫ್ರಾನ್ಸಿನ ಜೂಲ್ಸ್ ಹಾಫ್‌ಮನ್ ಅವರಿಗೆ 2011ರಲ್ಲಿ ನೊಬೆಲ್ ಸಿಕ್ಕಿತು. ಹುಳುವಿನಲ್ಲಿ ಕಂಡ ಆ ದಾರಿಯ ನಂಟು ಮನುಷ್ಯನ ದೇಹದಲ್ಲೂ ಇದೆ. ಹುಳವೆಂದು ತಾತ್ಸಾರ ಮಾಡುವವರಿಗೆ ಇದನ್ನು ನಾನು ಬೇಕೆಂದೇ ಹೇಳುತ್ತೇನೆ.

ಚಾಕಿ ಎಂಬ ತೊಟ್ಟಿಲು

ಮೊಟ್ಟೆಯಿಂದ ಹೊರಬಂದ ಹುಳು ಇರುವೆಯಷ್ಟು ಸಣ್ಣದು, ತೂಕ ಅರ್ಧ ಮಿಲಿಗ್ರಾಂ ಇರಬಹುದು. ಸುಮಾರು 25 ದಿನದಲ್ಲಿ ಅದರ ತೂಕ ಹತ್ತು ಸಾವಿರ ಪಟ್ಟು ಆಗುತ್ತದೆ. ಮೂರು ಕಿಲೋ ತೂಗುವ ಮಗು ತಿಂಗಳೊಳಗೆ ಮೂವತ್ತು ಟನ್ ಆದಂತೆ. ಇಷ್ಟು ವೇಗದಲ್ಲಿ ಮೈ ಕಟ್ಟುವ ಜೀವಿ ಕಾವಲಿಗೆ ಎಷ್ಟು ಖರ್ಚು ಮಾಡೀತು? ಮೊದಲೆರಡು ಹಂತದಲ್ಲಿ ಅದರ ಚರ್ಮ ತೆಳು, ಕರುಳಿನ ಪರದೆ ತೆಳು, ರಕ್ತಕಣಗಳ ಸಂಖ್ಯೆ ಕಡಿಮೆ. ದೊಡ್ಡ ಹುಳುವಿಗೆ ಏನೂ ಆಗದಷ್ಟು ಸ್ವಲ್ಪ ವೈರಸ್ ಸಾಕು, ಚಾಕಿ ಹುಳು ನಾಲ್ಕೈದು ದಿನದಲ್ಲಿ ಸಾಯುತ್ತದೆ. ಹಂತ ದಾಟಿದಂತೆ ರಕ್ತಕಣಗಳು ಹೆಚ್ಚುತ್ತವೆ, ಪರದೆ ಗಟ್ಟಿಯಾಗುತ್ತದೆ. ಇನ್ನೊಂದು ಉಪಾಯವೂ ಸೇರಿಕೊಳ್ಳುತ್ತದೆ. ಬೇರೆ ಜಾತಿಯ ಕಂಬಳಿಹುಳುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಕಂಡದ್ದು: ಬೆಳೆದ ಹುಳು ವೈರಸ್ ತಗುಲಿದ ಕರುಳಿನ ಕಣಗಳನ್ನೇ ಕಳಚಿ ಹೊರಗೆ ಹಾಕಿಬಿಡುತ್ತದೆ. ರೋಗ ರಕ್ತಕ್ಕೆ ಇಳಿಯುವ ಮೊದಲೇ ಮಲದ ಜೊತೆ ಹೊರಗೆ.

ಅದಕ್ಕೇ ಎಳೆಯ ಹುಳುವನ್ನು ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಸಾಕುವ ಪದ್ಧತಿ ಕಡಿಮೆಯಾಗಿ, ಚಾಕಿ ಕೇಂದ್ರಗಳು ಬಂದವು. ಅಲ್ಲಿ ಎರಡನೇ ಜ್ವರ ಮುಗಿಯುವವರೆಗೆ ಶಾಖ, ತೇವ, ಎಳೆ ಎಲೆ, ಕೈಯ ಶುದ್ಧಿ ಎಲ್ಲವನ್ನೂ ಅಳತೆಯಿಟ್ಟು ನೋಡಿಕೊಂಡು, ನಂತರ ರೈತರಿಗೆ ಕೊಡುತ್ತಾರೆ. ನಮ್ಮ ಜಿಲ್ಲೆಯ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿ ಕಡ್ಡಿಯಂತೆ ಒಣಗಿರುತ್ತದೆ. ಇಂಥ ಹವೆಯಲ್ಲಿ ಮನೆಯ ಮೂಲೆಯಲ್ಲಿ ಚಾಕಿ ಮಾಡುತ್ತೇನೆ ಎನ್ನುವುದು ಹಸುಗೂಸನ್ನು ಅಂಗಳದಲ್ಲಿ ಮಲಗಿಸಿದಂತೆ. ಚಾಕಿ ಹುಳುವಿಗೆ ಕೊಡುವ ಹೆಚ್ಚಿನ ದುಡ್ಡು ದಂಡವಲ್ಲ.

ಮೊಟ್ಟೆಯಲ್ಲೇ ಬರುವ ರೋಗವೂ ಒಂದಿದೆ, ಗಂಟುರೋಗ. ಅದು ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆ. ಅಂಥ ಹುಳುವಿಗೆ ಯಾವ ವಯಸ್ಸಿನಲ್ಲೂ ಬಿಡುಗಡೆಯಿಲ್ಲ. 1865ರಿಂದ 1870ರವರೆಗೆ ಫ್ರಾನ್ಸಿನ ಅಲೆಸ್ ಪಟ್ಟಣದಲ್ಲಿ ಲೂಯಿ ಪಾಶ್ಚರ್ ಈ ರೋಗದ ಬೆನ್ನು ಹತ್ತಿ ಕುಳಿತರು. ಆ ವರ್ಷಗಳಲ್ಲೇ ಅವರ ಇಬ್ಬರು ಹೆಣ್ಣುಮಕ್ಕಳು ತೀರಿಕೊಂಡರು, ಅವರಿಗೆ ಪಾರ್ಶ್ವವಾಯು ಹೊಡೆಯಿತು, ಕೆಲಸ ಬಿಡಲಿಲ್ಲ. ಅವರು ಕೊಟ್ಟ ಪರಿಹಾರ ಔಷಧವಲ್ಲ: ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡಿ. ಇಂದು ಸರಕಾರಿ ಬಿತ್ತನೆ ಕೇಂದ್ರಗಳಲ್ಲಿ "ರೋಗರಹಿತ ಮೊಟ್ಟೆ" ಎಂದು ಕೊಡುವುದು ಇದೇ ಪರೀಕ್ಷೆ ದಾಟಿದವು. 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನರು ಬಂಗಾಳದಿಂದ ಹುಳು ತರಿಸಿ ಮೈಸೂರು ಸೀಮೆಯಲ್ಲಿ ಬೆಳೆಸಿದಾಗ ಇಂಥ ಪರೀಕ್ಷೆ ಇರಲಿಲ್ಲ. ಮೈಸೂರು ತಳಿ ಎಂದು ನಾವು ಕರೆಯುವ ಹುಳು ನೂಲು ಕಡಿಮೆ ಕೊಟ್ಟರೂ ಇಲ್ಲಿನ ಹವೆ, ಇಲ್ಲಿನ ರೋಗ ಎರಡನ್ನೂ ತಡೆದುಕೊಂಡು ನಿಂತ ಜೀವ. ಇಂದಿನ ದ್ವಿತಳಿ ಹುಳು ಒಂದೇ ಗೂಡಿನಲ್ಲಿ ಸಾವಿರ ಮೀಟರ್ ದಾಟಿ ನೂಲು ಕೊಡುತ್ತದೆ, ಆದರೆ ನಾಜೂಕು. ಹೆಚ್ಚು ಹಾಲು ಕರೆಯುವ ಜರ್ಸಿ ಹಸುವಿಗೂ ನಮ್ಮ ಜವಾರಿ ಆಕಳಿಗೂ ಇರುವ ವ್ಯತ್ಯಾಸ ಇದು.

ಜ್ವರದ ದಿನ ತೆರೆದ ಬಾಗಿಲು

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಹುಳುವಿನ ಶಕ್ತಿ ವಯಸ್ಸಿನೊಂದಿಗೆ ಏರುತ್ತದೆ ಎಂದೆ. ಆದರೆ ಏಣಿಯಂತೆ ನೇರವಾಗಿ ಏರುವುದಿಲ್ಲ. ಪ್ರತಿ ಜ್ವರದಲ್ಲೂ ಒಮ್ಮೆ ಕೆಳಗೆ ಬೀಳುತ್ತದೆ.

ಪೊರೆ ಕಳಚುವಾಗ ಹುಳು ಹೊರಚರ್ಮವನ್ನು ಮಾತ್ರ ಬದಲಿಸುವುದಿಲ್ಲ. ಕರುಳಿನ ಒಳಗೋಡೆಯಲ್ಲೂ ಹೊಸ ಕಣಗಳು ಎದ್ದು, ಪರದೆ ಹೊಸದಾಗಿ ನೇಯಬೇಕು. ಜ್ವರ ಎದ್ದ ಕೂಡಲೇ ಅದರ ಚರ್ಮ ಇನ್ನೂ ಹಸಿ, ಕರುಳಿನ ಪರದೆ ಅರೆಬರೆ, ಹೊಟ್ಟೆ ಖಾಲಿ, ಹಸಿವು ಜೋರು. ಆಗ ಹಾಕಿದ ಮೊದಲ ಎಲೆಯಲ್ಲಿ ವೈರಸ್ ಇದ್ದರೆ, ಅದೇ ಹಂತದ ನಡುವಿನಲ್ಲಿರುವ ಹುಳುವಿಗಿಂತ ಇದು ಬಹಳ ಸುಲಭವಾಗಿ ಸೋಲುತ್ತದೆ. ಸುಣ್ಣಕಟ್ಟು ರೋಗದ ಬೂಷ್ಟು ಬಾಯಿಯಿಂದಲ್ಲ, ಚರ್ಮ ಕೊರೆದು ಹೊಗುತ್ತದೆ. ಅದಕ್ಕೂ ಹಸಿಚರ್ಮವೇ ಸಲೀಸು. ಸೂಕ್ಷ್ಮಜೀವಿಯಿಂದ ಪ್ರಾಣಿಗೆ ರೋಗ ಬರುತ್ತದೆ ಎಂದು ಜಗತ್ತಿಗೆ ಮೊದಲು ತೋರಿಸಿಕೊಟ್ಟದ್ದು ಈ ಬೂಷ್ಟೇ. 1835ರಲ್ಲಿ ಇಟಲಿಯ ಅಗೊಸ್ಟಿನೊ ಬಾಸ್ಸಿ ಇದನ್ನು ಬರೆದಾಗ ಪಾಶ್ಚರ್ ಇನ್ನೂ ಹನ್ನೆರಡು ವರ್ಷದ ಹುಡುಗ.

ಹಾಲುತೊಂಡೆ ರೋಗದ ವೈರಸ್ ಬಲು ಚತುರ. ಅದು ಹರಳಿನಂಥ ಕವಚದೊಳಗೆ ಕುಳಿತಿರುತ್ತದೆ. ಆ ಕವಚ ಮಣ್ಣಿನಲ್ಲಿ, ಶೆಡ್ಡಿನ ಧೂಳಿನಲ್ಲಿ, ತೊಳೆಯದ ಚಂದ್ರಿಕೆಯ ಸಂದಿಯಲ್ಲಿ ವರ್ಷಗಟ್ಟಲೆ ಕೆಡುವುದಿಲ್ಲ. ಹುಳುವಿನ ಕರುಳಿನ ಕ್ಷಾರ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ಎಂದೆನಲ್ಲ, ಅದೇ ಕ್ಷಾರ ಈ ಕವಚವನ್ನು ಕರಗಿಸಿ ವೈರಸ್ಸಿಗೆ ಬಾಗಿಲು ತೆರೆಯುತ್ತದೆ. ಕಾವಲುಗಾರನೇ ಕಳ್ಳನ ಕೈಗೆ ಕೀಲಿ ಕೊಟ್ಟಂತೆ.

ಆ ಮನೆಯ ಬೆಳೆಯ ದಿನಗಳನ್ನು ಅವರ ಜೊತೆ ಕುಳಿತು ಬೆರಳಲ್ಲಿ ಎಣಿಸಿದೆ. ದೊಡ್ಡ ಹುಳುವಿಗೆ ವೈರಸ್ ಹೊಕ್ಕ ದಿನದಿಂದ ಸಾವಿಗೆ ಐದರಿಂದ ಏಳು ದಿನ ಬೇಕು. ಐದನೇ ಹಂತ ಇರುವುದೂ ಸುಮಾರು ಏಳು ದಿನ. ಹಣ್ಣಾಗುವ ಹೊತ್ತಿಗೆ ಸತ್ತವು ಎಂದರೆ ರೋಗ ಹೊಕ್ಕದ್ದು ನಾಲ್ಕನೇ ಜ್ವರ ಎದ್ದ ಆಸುಪಾಸಿನಲ್ಲಿ. ಅದಕ್ಕೂ ಮೊದಲು ಮೂಲೆಯಲ್ಲಿ ಹತ್ತೋ ಇಪ್ಪತ್ತೋ ಹುಳು ಹಾಲಾಗಿರಬೇಕು. "ಹೌದ್ರಿ, ನಾಕನೇ ಜ್ವರದಾಗ ಒಂದೀಟು ಹುಳ ಕೂಡಲಿಲ್ಲ, ತಟ್ಟಿ ಅಂಚಿಗೆ ಹರದಾಡತಿದ್ದವು, ಮೈ ಹೊಳೀತಿತ್ತು" ಎಂದರು. ಅವೇ. ಎಲ್ಲವೂ ಜ್ವರಕ್ಕೆ ಕುಳಿತಾಗ ತಾವು ಕೂರದೆ, ಹೊಳೆಯುವ ಮೈಯಲ್ಲಿ ಅಂಚಿಗೆ ಅಲೆಯುವ ಹುಳುಗಳು ಹಾಲುತೊಂಡೆಯವು. ಅಂಥದೊಂದು ಹುಳುವಿನ ಚರ್ಮ ಎಲೆಯ ಮೇಲೆ ಒಡೆದರೆ ಒಂದು ಹನಿಯಲ್ಲಿ ಲಕ್ಷಗಟ್ಟಲೆ ಹರಳು ಚೆಲ್ಲುತ್ತವೆ. ದೊಡ್ಡ ಹುಳುವಿನ ಶಕ್ತಿ ಹೆಚ್ಚು ಎನ್ನುವುದು ಒಂದು ಅಳತೆಯವರೆಗೆ. ಜ್ವರ ಎದ್ದ ಹಸಿದ ಹುಳು ಆ ಎಲೆಯನ್ನೇ ತಿಂದರೆ ಅಳತೆ ಮೀರುತ್ತದೆ. ಅದರ ಮೇಲೆ ಶೆಡ್ಡಿನಲ್ಲಿ ಸೆಖೆ ಮತ್ತು ಉಸಿರುಗಟ್ಟಿದ ಗಾಳಿ ಇದ್ದರಂತೂ ಹೇಳುವುದೇ ಬೇಡ. ಐದನೇ ಹಂತದ ಹುಳು ಎಲ್ಲವನ್ನೂ ತಡೆದೀತು, ಸೆಖೆಯನ್ನು ತಡೆಯದು.

ನಜರ್ ಅಲ್ಲ, ಕೈಗುಣವೂ ಅಲ್ಲ. ಹಿಂದಿನ ಬೆಳೆಗೆ ಬಳಸಿದ ಚಂದ್ರಿಕೆಗಳನ್ನು ನೆರೆಯವರಿಂದ ತಂದು, ಬಿಸಿಲಿಗೂ ಇಡದೆ, ಔಷಧಿಗೂ ಅದ್ದದೆ ಅದೇ ಶೆಡ್ಡಿನಲ್ಲಿ ಒಟ್ಟಿದ್ದರಂತೆ. ಹಾಗೆ ಒಟ್ಟಿದ್ದು ಸೊಸೆಯಲ್ಲ ಎಂಬುದನ್ನೂ ಅವರು ಹೇಳಿದರು. ಮುಂದಿನ ಸಲ ಬರುವಾಗ ಯಜಮಾನರನ್ನು ಕರೆದುಕೊಂಡು ಬನ್ನಿ ಎಂದೆ. ಬಂದರು. ದಿನಗಳ ಲೆಕ್ಕ ಅವರಿಗೂ ಹೇಳಿದೆ.

ಜ್ವರದ ದಿನ ಮಾಡಬೇಕಾದದ್ದು ಇಷ್ಟು. ಹುಳು ಜ್ವರಕ್ಕೆ ಕುಳಿತಾಗ ಎಲೆ ನಿಲ್ಲಿಸಿ, ಹಾಸಿಗೆಯ ಮೇಲೆ ಸುಣ್ಣದ ಹುಡಿ ತೆಳ್ಳಗೆ ಉದುರಿಸಿ ಒಣಗಿಸಬೇಕು, ಗಾಳಿ ಆಡಬೇಕು, ಹುಳುವನ್ನು ಮುಟ್ಟಬಾರದು. ಜ್ವರ ಎದ್ದ ಮೇಲೆ, ಮೊದಲ ಎಲೆ ಹಾಕುವ ಅರ್ಧ ತಾಸು ಮೊದಲು ಹಾಸಿಗೆ ಸೋಂಕುನಿವಾರಕ ಹುಡಿ ಉದುರಿಸಬೇಕು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ತಯಾರಿಸಿದ ವಿಜೇತ ಎಂಬ ಹುಡಿ ಇದಕ್ಕೆಂದೇ ಇದೆ. ಪ್ರತಿ ಜ್ವರದ ನಂತರ ಒಮ್ಮೆ, ಐದನೇ ಹಂತದ ನಾಲ್ಕನೇ ದಿನ ಮತ್ತೊಮ್ಮೆ. ಹೊತ್ತು ನೋಡಿ ಹೇಳಿರುವುದು ಸುಮ್ಮನೆ ಅಲ್ಲ, ಬಾಗಿಲು ತೆರೆದಿರುವ ಗಳಿಗೆ ಅದೇ.

ಮನುಷ್ಯರ ಆಂಟಿಬಯೋಟಿಕ್ ಮಾತ್ರೆ ಅರೆದು ಎಲೆಗೆ ಸಿಂಪಡಿಸುವ ವಿಚಾರ ಕೆಲವರ ತಲೆಯಲ್ಲಿ ಬರುತ್ತದೆ. ಹಾಲುತೊಂಡೆ ವೈರಸ್ಸಿನ ರೋಗ, ಆ ಮಾತ್ರೆ ಅದನ್ನು ಮುಟ್ಟುವುದೂ ಇಲ್ಲ. ನೆಗಡಿಗೆ ಆಂಟಿಬಯೋಟಿಕ್ ಕೇಳುವವರಿಗೂ ನಾನು ಹೇಳುವುದು ಇದನ್ನೇ.

ಊಜಿ ನೊಣ ಮತ್ತು ಕಪ್ಪು ಚುಕ್ಕೆ

1980ರಲ್ಲಿ ಪಶ್ಚಿಮ ಬಂಗಾಳದಿಂದ ಹುಳುವಿನ ಜೊತೆ ಕರ್ನಾಟಕಕ್ಕೆ ಬಂದು ನೆಲೆಸಿದ ಊಜಿ ನೊಣ ಹುಳುವಿನ ಕಾವಲನ್ನೇ ತನ್ನ ಮನೆಗೆ ಇಟ್ಟಿಗೆ ಮಾಡಿಕೊಳ್ಳುತ್ತದೆ. ದೊಡ್ಡ ಹುಳುವಿನ ಮೈಮೇಲೆ ಅದು ಬಿಳಿ ಸಾಸಿವೆಯಂತೆ ಮೊಟ್ಟೆ ಅಂಟಿಸುತ್ತದೆ. ಎರಡು ಮೂರು ದಿನದಲ್ಲಿ ಮರಿ ಹೊರಬಂದು ಚರ್ಮ ಕೊರೆದು ಒಳಹೋಗುತ್ತದೆ. ಹುಳುವಿನ ರಕ್ತಕಣಗಳು ಓಡಿಬಂದು ಗೋರಿ ಕಟ್ಟುತ್ತವೆ, ಅದು ಕಪ್ಪಾಗುತ್ತದೆ. ಆದರೆ ಮರಿ ತನ್ನ ಹಿಂಭಾಗವನ್ನು ರಂಧ್ರದ ಕಡೆಗೇ ಇಟ್ಟುಕೊಂಡು, ಆ ಗೋರಿಯನ್ನು ಉಸಿರಾಟದ ಕೊಳವೆಯನ್ನಾಗಿ ಮಾಡಿಕೊಂಡು ಬೆಳೆಯುತ್ತದೆ. ರೈತರು ಗುರುತು ಹಿಡಿಯುವ ಕಪ್ಪು ಚುಕ್ಕೆ ಇದೇ.

ಇಲ್ಲಿ ಜ್ವರವೇ ಒಮ್ಮೊಮ್ಮೆ ಹುಳುವನ್ನು ಉಳಿಸುತ್ತದೆ. ಜ್ವರಕ್ಕೆ ಸ್ವಲ್ಪ ಮೊದಲು ನೊಣ ಮೊಟ್ಟೆಯಿಟ್ಟಿದ್ದರೆ, ಮರಿ ಹೊರಬರುವುದರೊಳಗೆ ಹಳೆಯ ಚರ್ಮದ ಜೊತೆ ಮೊಟ್ಟೆಯೂ ಕಳಚಿ ಬೀಳುತ್ತದೆ. ಆದರೆ ಐದನೇ ಹಂತದ ಮುಂದೆ ಪೊರೆ ಕಳಚುವ ಜ್ವರ ಇಲ್ಲ, ಆ ಭಾಗ್ಯವೂ ಇಲ್ಲ. ಆಗ ಉಳಿಯುವುದು ನೈಲಾನ್ ಪರದೆ. ಕಿಟಕಿ ಬಾಗಿಲಿಗೆಲ್ಲ ಹಾಕಿ. ಮನೆಗೆ ಸೊಳ್ಳೆ ಪರದೆ ಹಾಕಿಸದವರೂ ಶೆಡ್ಡಿಗೆ ಹಾಕಿಸುವುದನ್ನು ನೋಡಿದ್ದೇನೆ, ಇರಲಿ.

ಗೂಡಿನೊಳಗೆ, ಮತ್ತು ನಮ್ಮ ಔಷಧದ ಡಬ್ಬಿಯೊಳಗೆ

ಹಣ್ಣಾದ ಹುಳು ಗೂಡು ಕಟ್ಟುವ ಮೊದಲು ಹೊಟ್ಟೆ ಪೂರ್ತಿ ಖಾಲಿ ಮಾಡುತ್ತದೆ. ಕೋಶವಾಗುವಾಗ ಹಳೆಯ ಕರುಳು ಕರಗಿ ಹೊಸದು ಕಟ್ಟಬೇಕು, ಅಂಥ ಹೊತ್ತಿನಲ್ಲಿ ಅಲ್ಲಿದ್ದ ಬ್ಯಾಕ್ಟೀರಿಯಾ ಮೈಗೆ ನುಗ್ಗುವ ಅಪಾಯ ದೊಡ್ಡದು. ತಂಬಾಕಿನ ಕಂಬಳಿಹುಳುವೊಂದರಲ್ಲಿ ನೋಡಿರುವಂತೆ, ಕರುಳಿನ ಕಣಗಳು ರೋಗಾಣು ಕೊಲ್ಲುವ ಪ್ರೋಟೀನುಗಳನ್ನು ಮೊದಲೇ ಕೂಡಿಟ್ಟುಕೊಂಡು ಈ ಹೊತ್ತಿಗೆ ಕರುಳಿನೊಳಗೆ ಸುರಿಯುತ್ತವೆ. ರೋಗ ಬರುವುದಕ್ಕೆ ಕಾಯದೆ ಮಾಡುವ ಏರ್ಪಾಟು. ಮೇಲಿಂದ ಗೂಡೂ ಬರೀ ಹೊದಿಕೆಯಲ್ಲ. ನೂಲಿನಲ್ಲಿ ಬೂಷ್ಟು ಮತ್ತು ಬ್ಯಾಕ್ಟೀರಿಯಾವನ್ನು ತಡೆಯುವ ಪ್ರೋಟೀನುಗಳು ಸೇರಿರುತ್ತವೆ. ಓಡಲಾರದ, ತಿನ್ನಲಾರದ ಕೋಶಕ್ಕೆ ಅದೇ ಕೋಟೆ.

ಈ ಗೂಡು ನಮ್ಮ ಯುನಾನಿ ಔಷಧವೂ ಹೌದು. ಅಬ್ರೇಶಮ್ ಎಂದರೆ ಇದೇ. ಇಬ್ನ್ ಸೀನಾ ಹೃದಯದ ಔಷಧಗಳ ಬಗ್ಗೆ ಬರೆದ ಗ್ರಂಥದಲ್ಲಿ ಇದನ್ನು ಸೇರಿಸಿದ್ದಾರೆ. ಖಮೀರಾ ಅಬ್ರೇಶಮ್ ಹಕೀಮ್ ಅರ್ಶದ್ ವಾಲಾ ಎಂಬ ಡಬ್ಬಿ ನಿಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದ್ದೀತು. ಔಷಧಕ್ಕೆ ಬಳಸುವ ಗೂಡನ್ನು ಕತ್ತರಿಯಿಂದ ಸೀಳಿ, ಒಳಗಿನ ಸತ್ತ ಕೋಶ ಮತ್ತು ಕಸ ತೆಗೆದು, ಸಣ್ಣಗೆ ಕತ್ತರಿಸುತ್ತಾರೆ. ಹೀಗೆ ಕತ್ತರಿಸಿದ್ದಕ್ಕೆ ಅಬ್ರೇಶಮ್ ಮುಕರ್ರಜ್ ಎನ್ನುತ್ತಾರೆ. ಗೂಡು ಕಟ್ಟುವಾಗ ರೋಗ ಬಂದಿದ್ದರೆ ಹುಳು ಒಳಗೇ ಕರಗಿ, ಗೂಡಿಗೆ ಕಂದು ಕಲೆ ಹಿಡಿದು, ವಾಸನೆ ಬರುತ್ತದೆ. ನೂಲಿಗೆ ಬಾರದ ಅಂಥ ಗೂಡನ್ನು ಅಗ್ಗಕ್ಕೆ ತಂದು ಮನೆಯಲ್ಲೇ ಔಷಧ ಮಾಡುವ ಸಾಹಸ ಬೇಡ. ಇನ್ನೊಂದು ಮಾತು: ಖಮೀರಾ ತಿನ್ನುತ್ತಿದ್ದೇವೆ ಎಂದು ಬಿಪಿ, ಹೃದಯದ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸುವವರು ಇದ್ದಾರೆ, ಅದನ್ನು ಯಾವ ಹಕೀಮನೂ ಒಪ್ಪುವುದಿಲ್ಲ. ಸಕ್ಕರೆ ಕಾಯಿಲೆಯವರು ಖಮೀರಾದಲ್ಲಿ ಸಕ್ಕರೆ ಪಾಕ ಇರುವುದನ್ನು ಮರೆಯಬಾರದು.

ಕೈ, ತಂಬಾಕು, ಬ್ಲೀಚಿಂಗ್

ರೇಷ್ಮೆ ಹುಳುವಿಗೆ ಇನ್ನೂ ಲಸಿಕೆ ಬಂದಿಲ್ಲ. ಜೇನಿಗೆ ಬಂದಿದೆ. ಎಳೆಯ ಜೇನುಮರಿಯನ್ನು ಕೊಳೆಸುವ ಒಂದು ಬ್ಯಾಕ್ಟೀರಿಯಾ ರೋಗ ಮೊಟ್ಟೆಯೊಡೆದ ಮೊದಲ ಒಂದೆರಡು ದಿನದ ಮರಿಗೇ ತಗಲುತ್ತದೆ. ಅದರ ವಿರುದ್ಧ ರಾಣಿ ಜೇನಿಗೆ ತಿನ್ನಿಸುವ ಲಸಿಕೆಗೆ ಅಮೆರಿಕದಲ್ಲಿ 2023ರ ಮೊದಲಲ್ಲಿ ಷರತ್ತಿನ ಅನುಮತಿ ಸಿಕ್ಕಿತು. ತಾಯಿ ತಿಂದದ್ದರ ಸುಳಿವು ಮೊಟ್ಟೆಗೆ ಇಳಿದು ಮರಿಯನ್ನು ಕಾಯುತ್ತದೆ. ಮನುಷ್ಯರ ಮಕ್ಕಳಿಗೆ ಇದಕ್ಕಿಂತ ಗಟ್ಟಿಯಾದ ಏರ್ಪಾಟಿದೆ: ಹೊಟ್ಟೆಯಲ್ಲಿದ್ದಾಗ ತಾಯಿಯ ಪ್ರತಿಕಾಯ, ಹುಟ್ಟಿದ ಕೂಡಲೇ ಮೊದಲ ಹಳದಿ ಹಾಲು, ಆಮೇಲೆ ಸರಕಾರಿ ದವಾಖಾನೆಯ ಲಸಿಕೆ. ಹುಳುವಿಗೆ ಚಾಕಿ ಕೇಂದ್ರ ಹುಡುಕುವ ಮನೆಯಲ್ಲಿ ಮಗುವಿನ ಲಸಿಕೆ ಕಾರ್ಡು ಖಾಲಿ ಇರುವುದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ.

ಹುಳುವಿನ ಮನೆಗೆ ಹೋಗುವವರು ಕೈಕಾಲು ತೊಳೆದು, ಬೇರೆ ಚಪ್ಪಲಿ ಮೆಟ್ಟಿ ಹೋಗಬೇಕು ಎಂದು ಎಲ್ಲರಿಗೂ ಗೊತ್ತು. ತಂಬಾಕಿನ ವಿಚಾರ ಅಷ್ಟಾಗಿ ಗೊತ್ತಿಲ್ಲ. ತಂಬಾಕಿನ ನಿಕೋಟಿನ್ ರೇಷ್ಮೆ ಹುಳುವಿಗೆ ನೇರ ವಿಷ. ತಂಬಾಕಿನ ಹೊಲದ ಪಕ್ಕದ ಹಿಪ್ಪುನೇರಳೆ ತಿಂದೇ ಹುಳು ಎದೆ ಉಬ್ಬಿಸಿ ವಾಂತಿ ಮಾಡಿ ಸಾಯುವುದುಂಟು. ಅಂಗೈಯಲ್ಲಿ ತಂಬಾಕು ತಿಕ್ಕಿದ ಕೈಯಿಂದ ಎಲೆ ಹಾಕಬೇಡಿ. ಹುಳು ಅಷ್ಟು ಸ್ವಲ್ಪಕ್ಕೇ ಸಾಯುವ ವಸ್ತುವನ್ನು ಬಾಯಿಯಲ್ಲಿ ಇಟ್ಟುಕೊಂಡು ಓಡಾಡುವವರು ವಿಚಾರ ಮಾಡಲಿ. ದ್ರಾಕ್ಷಿಗೆ ಹೊಡೆಯುವ ಕೀಟನಾಶಕವೂ ಹಾಗೆಯೇ. ಗಾಳಿ ಯಾವ ದಿಕ್ಕಿಗೆ ಬೀಸುತ್ತದೆ, ಪಕ್ಕದ ತೋಟದವರು ಯಾವತ್ತು ಹೊಡೆಯುತ್ತಾರೆ ಎಂದು ಕೇಳಿಕೊಂಡೇ ಎಲೆ ಕೊಯ್ಯಬೇಕು.

ಶೆಡ್ಡು ತೊಳೆಯಲು ಒಂದು ಲೀಟರ್ ನೀರಿಗೆ 20 ಗ್ರಾಂ ಬ್ಲೀಚಿಂಗ್ ಪೌಡರ್, 3 ಗ್ರಾಂ ಸುಣ್ಣದ ಹುಡಿ ಎಂಬುದು ಅಳತೆ. ತೆರೆದಿಟ್ಟ ಬ್ಲೀಚಿಂಗ್ ಪೌಡರ್ ಸತ್ವ ಕಳೆದುಕೊಳ್ಳುತ್ತದೆ, ಹೊಸದನ್ನೇ ತನ್ನಿ. ಅದನ್ನು ಶೌಚಾಲಯ ತೊಳೆಯುವ ಆಸಿಡ್ ಜೊತೆ ಎಂದೂ ಕಲಸಬೇಡಿ, ವಿಷಗಾಳಿ ಏಳುತ್ತದೆ. ಫಾರ್ಮಲಿನ್ ಜೊತೆಗೂ ಬೇಡ. ಫಾರ್ಮಲಿನ್ ಹೊಡೆಯುವಾಗ ಮೂಗು ಬಾಯಿಗೆ ಸರಿಯಾದ ಮಾಸ್ಕ್, ಕೈಗೆ ರಬ್ಬರ್ ಚೀಲ, ಕಣ್ಣಿಗೆ ಕನ್ನಡಕ ಇರಲಿ. ಗರ್ಭಿಣಿಯರು, ಮಕ್ಕಳು, ದಮ್ಮು ಇರುವವರು ಆ ದಿನ ಅತ್ತ ಸುಳಿಯಬಾರದು. ಚಿಟ್ಟೆಯ ರೆಕ್ಕೆಯ ಹುಡಿಯಿಂದ ಮತ್ತು ಗೂಡು ಬಿಚ್ಚುವ ಕೆಲಸದಿಂದ ದಮ್ಮು ಬರುವುದು ವೈದ್ಯರಿಗೆ ಗೊತ್ತಿರುವ ಸಂಗತಿ. ಬೆಳೆ ನಡೆದಾಗಲೇ ಕೆಮ್ಮು ಹೆಚ್ಚಾಗಿ, ಬೆಳೆ ಮುಗಿದಾಗ ಇಳಿಯುತ್ತಿದ್ದರೆ ತೋರಿಸಿಕೊಳ್ಳಿ.

ವಯಸ್ಸಿನ ಈ ಲೆಕ್ಕ ಸೊಳ್ಳೆಗೂ ಇದೆ, ಅಲ್ಲಿ ನಾವು ಎದುರಾಳಿ. ವಾರಕ್ಕೊಮ್ಮೆ ನೀರು ಬರುವ ಓಣಿಗಳಲ್ಲಿ ಹೌದು, ಬ್ಯಾರಲ್ ತುಂಬಿಟ್ಟುಕೊಳ್ಳುತ್ತೇವೆ. ಡೆಂಗ್ಯೂ ಸೊಳ್ಳೆಯ ಮರಿ ಆ ನೀರಿನಲ್ಲಿ ನಾಲ್ಕು ಹಂತ ದಾಟಿ ಕೋಶವಾಗುತ್ತದೆ. ಆರೋಗ್ಯ ಇಲಾಖೆಯವರು ಹಾಕುವ ಔಷಧ ಎಳೆಯ ಮರಿಗೆ ಚೆನ್ನಾಗಿ ತಾಗುತ್ತದೆ. ಕೋಶ ಏನೂ ತಿನ್ನುವುದಿಲ್ಲ, ಅದಕ್ಕೆ ಅದು ತಾಗದು. ಮೊಟ್ಟೆಯಿಂದ ಸೊಳ್ಳೆ ಹಾರುವವರೆಗೆ ಏಳರಿಂದ ಹತ್ತು ದಿನ. ಆದ್ದರಿಂದ ವಾರಕ್ಕೊಂದು ದಿನ ಗೊತ್ತು ಮಾಡಿ ಪಾತ್ರೆ ಬರಿದು ಮಾಡಿ, ಒಳಗೋಡೆಯನ್ನು ತಿಕ್ಕಿ ತೊಳೆದು ಒಣಗಿಸಬೇಕು. ನೀರು ಚೆಲ್ಲಿದರೆ ಸಾಲದು, ಗೋಡೆಗೆ ಅಂಟಿದ ಮೊಟ್ಟೆ ಒಣಗಿ ತಿಂಗಳುಗಟ್ಟಲೆ ಬದುಕಿರುತ್ತದೆ.

ಹಾಲಾದ ಹುಳು ಕಂಡರೆ ಕೈಯಲ್ಲಿ ಹಿಚುಕಬೇಡಿ, ಕೋಳಿಗೆ ಹಾಕಬೇಡಿ, ತಿಪ್ಪೆಗೆ ಎಸೆಯಬೇಡಿ. ಕಡ್ಡಿಯಿಂದ ಎತ್ತಿ ಬ್ಲೀಚಿಂಗ್ ನೀರಿನ ಬೋಗುಣಿಗೆ ಹಾಕಿ, ಸಂಜೆ ದೂರದಲ್ಲಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ. ಹಾಸಿಗೆಯ ಕಸವನ್ನು ಹಿಪ್ಪುನೇರಳೆ ತೋಟಕ್ಕೆ ಹಸಿಯಾಗಿ ಚೆಲ್ಲದೆ, ಗುಂಡಿಯಲ್ಲಿ ಚೆನ್ನಾಗಿ ಕೊಳೆಸಿ ಆಮೇಲೆ ಗೊಬ್ಬರ ಮಾಡಿ. ಅನುಮಾನ ಬಂದ ಹುಳುಗಳನ್ನು ಡಬ್ಬಿಯಲ್ಲಿ ಮುಚ್ಚಿ ರೇಷ್ಮೆ ಇಲಾಖೆಯ ಅಧಿಕಾರಿಗಳಿಗೆ ಅದೇ ದಿನ ತೋರಿಸಿ, ನಾಲ್ಕನೇ ಜ್ವರದವರೆಗೆ ಕಾಯಬೇಡಿ.